ಅಕ್ಕಿ ಗಿರಣಿ, ಕ್ವಾರಿ, ರಸ್ತೆ ಕಾಮಗಾರಿ ಇರುವವರು ಎಂಎಲ್‌ಎ ಚುನಾವಣೆಗೆ ನಿಂತರೆ ವ್ಯವಹಾರವನ್ನು ಏನು ಮಾಡಬೇಕು?

ಭತ್ತದನಾಡು ಕೇಳಿದ್ದು:

ವ್ಯವಹಾರಸ್ಥರು ರಾಜಕೀಯಕ್ಕೆ ಬರುವುದನ್ನು ಹೊಗಳುವವರೂ ಬೈಯುವವರೂ ಬೇಕಾದಷ್ಟು ಸಿಗುತ್ತಾರೆ. ಕಾಗದಪತ್ರ ಏನಾಗಬೇಕು ಅಂತ ಬಿಡಿಸಿ ಹೇಳುವವರು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತುಂಗಭದ್ರಾ ಅಚ್ಚುಕಟ್ಟಿನ ಕಡೆಯ ಒಬ್ಬ ವ್ಯವಹಾರಸ್ಥರು ಅಂದುಕೊಳ್ಳಿ. 2028ರ ವಿಧಾನಸಭೆ ಚುನಾವಣೆಗೆ ನಿಲ್ಲುವ ಯೋಚನೆ ಇದೆ. ಮೂವರು ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲಿ ಅಕ್ಕಿ ಗಿರಣಿ ಇದೆ, ಬೆಂಬಲ ಬೆಲೆಯಲ್ಲಿ ಖರೀದಿಯಾದ ಭತ್ತವನ್ನೂ ಅಲ್ಲಿ ಹಲ್ಲಿಂಗ್, ಅಂದರೆ ಹೊಟ್ಟು ತೆಗೆದು ಅಕ್ಕಿ, ಮಾಡಿಕೊಡುತ್ತಾರೆ. ಅದೇ ಫರ್ಮಿನ ಹೆಸರಿನಲ್ಲಿ ಕ್ಲಾಸ್ ಒನ್ ಗುತ್ತಿಗೆದಾರರ ಪರವಾನಗಿ ಇದ್ದು, ಲೋಕೋಪಯೋಗಿ ಇಲಾಖೆಯ ಎರಡು ರಸ್ತೆ ಕಾಮಗಾರಿ ನಡೆಯುತ್ತಿವೆ. ಅಭ್ಯರ್ಥಿಯ ಸ್ವಂತ ಹೆಸರಿನಲ್ಲಿ ಒಂದು ಕಲ್ಲು ಕ್ವಾರಿ ಗುತ್ತಿಗೆ. ಲಾರಿಗಳು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿನಲ್ಲಿವೆ.

ಇದರಲ್ಲಿ ಯಾವುದನ್ನು ಬಿಡಬೇಕು, ಯಾವ ತಾರೀಖಿನೊಳಗೆ ಬಿಡಬೇಕು? ಅಫಿಡವಿಟ್‌ನಲ್ಲಿ ಏನೇನು ತೋರಿಸಬೇಕು? ಗೆದ್ದಮೇಲೆ ವ್ಯವಹಾರ ನಡೆಸಬಹುದೇ? ಯಾವ ಪಕ್ಷ, ಯಾವ ಜಾತಿ ಎಂಬ ಚರ್ಚೆ ಬೇಡ, ದಯವಿಟ್ಟು.

---

ಕಡತಕೋಣೆ ಉತ್ತರ:

ಸರ್, ಮೊದಲು ನೋಡಬೇಕಾದದ್ದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 9ಎ. ಅದು ಹೇಳುವುದಿಷ್ಟು: ಒಬ್ಬರು ತಮ್ಮ ವ್ಯಾಪಾರ-ವ್ಯವಹಾರದ ಭಾಗವಾಗಿ 'ಸೂಕ್ತ ಸರ್ಕಾರ'ದ ಜೊತೆ ಸರಕು ಪೂರೈಸುವ ಅಥವಾ ಸರ್ಕಾರ ಕೈಗೊಂಡ ಕಾಮಗಾರಿ ಮಾಡಿಕೊಡುವ ಕರಾರು ಮಾಡಿಕೊಂಡಿದ್ದು, ಆ ಕರಾರು ಚಾಲ್ತಿಯಲ್ಲಿದ್ದರೆ, ಅದು ಇರುವಷ್ಟು ಕಾಲ ಅವರು ಅನರ್ಹರು. ಇಲ್ಲಿ ಮೂರು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: 'ಸೂಕ್ತ ಸರ್ಕಾರ', 'ಸರಕು ಅಥವಾ ಕಾಮಗಾರಿ', 'ಚಾಲ್ತಿ'.

ಶಾಸಕ ಸ್ಥಾನಕ್ಕೆ ಸೂಕ್ತ ಸರ್ಕಾರ ಎಂದರೆ ರಾಜ್ಯ ಸರ್ಕಾರ, ಸಂಸದ ಸ್ಥಾನಕ್ಕೆ ಕೇಂದ್ರ ಸರ್ಕಾರ. ಹಾಗಾಗಿ ರೈಲ್ವೆ ಕಾಮಗಾರಿ ಹಿಡಿದವರು ಎಂಎಲ್‌ಎ ಚುನಾವಣೆಗೆ ನಿಲ್ಲಲು 9ಎ ಅಡ್ಡಿಯಲ್ಲ. ಲೋಕೋಪಯೋಗಿ ಇಲಾಖೆಯ ರಸ್ತೆ ಹಿಡಿದವರಿಗೆ ನೇರವಾಗಿ ಅಡ್ಡಿ. ನಿಮ್ಮ ಉದಾಹರಣೆಯಲ್ಲಿ ನಿಜವಾಗಿ ಕುತ್ತು ತರುವುದು ಆ ಎರಡು ರಸ್ತೆಗಳೇ.

ಫರ್ಮಿನ ಹೆಸರಿನಲ್ಲಿದೆ, ನನ್ನ ಹೆಸರಿನಲ್ಲಿಲ್ಲ ಎಂಬ ಸಮಾಧಾನ ನಡೆಯುವುದಿಲ್ಲ. ಪಾಲುದಾರಿಕೆ ಫರ್ಮಿಗೆ ಕಾನೂನಿನಲ್ಲಿ ಪಾಲುದಾರರಿಂದ ಬೇರೆಯಾದ ಅಸ್ತಿತ್ವ ಇಲ್ಲ. ಅಣ್ಣ ಸಹಿ ಹಾಕಿದರೂ ಕರಾರು ತಮ್ಮನದೂ ಹೌದು. ಇದು ಸುಪ್ರೀಂ ಕೋರ್ಟಿನಲ್ಲಿ 1954ರಷ್ಟು ಹಿಂದೆಯೇ ಪರೀಕ್ಷೆಗೆ ಬಂದ ವಿಷಯ. ಚತುರ್ಭುಜ ವಿಠಲದಾಸ ಜಸಾನಿ ಎಂಬವರು ಮೂಲ್ಜಿ ಸಿಕ್ಕಾ ಕಂಪನಿ ಎಂಬ ಬೀಡಿ ಫರ್ಮಿನ ಪಾಲುದಾರರು. ಆ ಫರ್ಮು ಸೈನಿಕರ ಕ್ಯಾಂಟೀನಿಗೆ ಬೀಡಿ ಪೂರೈಸುವ ಕರಾರು ಮಾಡಿಕೊಂಡಿತ್ತು. ಮೊದಲ ಲೋಕಸಭೆಗೆ ಜಸಾನಿ ಗೆದ್ದರು, ಬೀಡಿ ಕರಾರಿನಿಂದ ಸ್ಥಾನ ಕಳೆದುಕೊಂಡರು. ಸಂವಿಧಾನ ಹೇಳುವ ನಮೂನೆಯಲ್ಲಿ, ಅಂದರೆ ರಾಷ್ಟ್ರಪತಿಯವರ ಹೆಸರಿನಲ್ಲಿ ಬರೆದ ಕರಾರು ಅದಲ್ಲ ಎಂಬ ವಾದವೂ ನಡೆಯಲಿಲ್ಲ. ಆಗಿನ ಕಲಂ ಇನ್ನೂ ಬಿಗಿಯಾಗಿತ್ತು, ಸರ್ಕಾರಕ್ಕೆ ಸೇವೆ ಒದಗಿಸುವ ಕರಾರೂ ಅದರಲ್ಲಿ ಸೇರಿತ್ತು. ಮುಂದಿನ ತಿದ್ದುಪಡಿಗಳಲ್ಲಿ 'ಸೇವೆ' ಬಿಟ್ಟುಹೋಯಿತು. 1966ರಲ್ಲಿ ಈಗಿನ 9ಎ ಬಂತು.

ನಮ್ಮ ರಾಜ್ಯದ ಕೇಸೂ ಒಂದಿದೆ. 1967ರ ಮೈಸೂರು ವಿಧಾನಸಭೆ ಚುನಾವಣೆಯಲ್ಲಿ ವಿಶ್ವನಾಥ ರೆಡ್ಡಿ ಮತ್ತು ಕೋನಪ್ಪ ರುದ್ರಪ್ಪ ನಾಡಗೌಡ ಇಬ್ಬರೇ ಕಣದಲ್ಲಿದ್ದರು. ರೆಡ್ಡಿಯವರು ಗೆದ್ದರು, ಆದರೆ ಸರ್ಕಾರಿ ಕರಾರು ಚಾಲ್ತಿಯಲ್ಲಿತ್ತು ಎಂದು ತೀರ್ಮಾನವಾಯಿತು. ಸುಪ್ರೀಂ ಕೋರ್ಟ್ ಮರುಚುನಾವಣೆಗೂ ಹೇಳಲಿಲ್ಲ. ಅನರ್ಹರಿಗೆ ಬಿದ್ದ ಮತ ವ್ಯರ್ಥ, ಇಬ್ಬರೇ ಇದ್ದ ಕಡೆ ಸೋತವರೇ ಗೆದ್ದಂತೆ ಎಂದಿತು. ಚುನಾವಣಾ ಕಾನೂನು ಓದುವವರು ಇವತ್ತಿಗೂ ಆ ತೀರ್ಪನ್ನು ಎತ್ತಿ ಹೇಳುತ್ತಾರೆ.

ಇನ್ನು 'ಚಾಲ್ತಿ'. ಗುತ್ತಿಗೆದಾರರು ಹೆಚ್ಚು ಎಡವುವುದು ಇಲ್ಲೇ. 9ಎಗೆ ಒಂದು ವಿವರಣೆ ಇದೆ: ಗುತ್ತಿಗೆದಾರರು ತಮ್ಮ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿದ್ದು, ಸರ್ಕಾರ ದುಡ್ಡು ಕೊಡುವುದು ಮಾತ್ರ ಬಾಕಿ ಇದ್ದರೆ ಅದನ್ನು ಚಾಲ್ತಿ ಎನ್ನುವಂತಿಲ್ಲ. ಹಾಗಾಗಿ ಬಿಲ್ ಬಾಕಿ ಇದೆ ಎಂದು ಹೆದರಬೇಕಾಗಿಲ್ಲ. ಆದರೆ ರಸ್ತೆ ಮುಗಿಸಿದ ಮೇಲೂ ಡಿಫೆಕ್ಟ್ ಲಯಬಿಲಿಟಿ ಅವಧಿ ಇರುತ್ತದಲ್ಲ, ಆ ಅವಧಿಯಲ್ಲಿ ಗುಂಡಿ ಬಿದ್ದರೆ ಸ್ವಂತ ಖರ್ಚಿನಲ್ಲಿ ಮುಚ್ಚಿಕೊಡುವ ಹೊಣೆ ನಿಮ್ಮದೇ. ಹೊಣೆ ಬಾಕಿ ಇರುವಾಗ 'ಪೂರ್ತಿ ಮುಗಿಸಿದೆ' ಎಂದು ಹೇಗೆ ಹೇಳುತ್ತೀರಿ ಎಂದು ಎದುರಾಳಿಯ ವಕೀಲರು ಕೇಳಿಯೇ ಕೇಳುತ್ತಾರೆ. ಈ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ತಾರೀಖು ಅಂದರೆ ನಾಮಪತ್ರ ಪರಿಶೀಲನೆಯ ದಿನ. ಅವತ್ತು ಕರಾರು ಚಾಲ್ತಿಯಲ್ಲಿ ಇರಬಾರದು. ಆದರೆ ಅಂದಿಗೆ ಮುಗಿಸೋಣ ಎಂದು ಕೂತರೆ ಆಗುವುದಿಲ್ಲ. ಕಡೇಪಕ್ಷ ಒಂದೂವರೆ ವರ್ಷ ಮೊದಲೇ ಹೊಸ ಟೆಂಡರ್ ಹಾಕುವುದು ನಿಲ್ಲಿಸಬೇಕು. ಕೈಯಲ್ಲಿರುವ ಕೆಲಸಕ್ಕೆ ಅಂತಿಮ ಅಳತೆ ಮಾಡಿಸಿ, ಅಳತೆ ಪುಸ್ತಕದಲ್ಲಿ ಕೊನೆಯ ದಾಖಲೆ ಆಗಿ, ಕಾರ್ಯಪಾಲಕ ಎಂಜಿನಿಯರ್ ಸಹಿಯ ಪೂರ್ಣಗೊಂಡ ಪ್ರಮಾಣಪತ್ರ ಕೈಗೆ ಬರಬೇಕು. ಭದ್ರತಾ ಠೇವಣಿ ವಾಪಸ್ ಬಂದ ಪತ್ರವೂ ಇದ್ದರೆ ಇನ್ನೂ ಗಟ್ಟಿ.

ಫರ್ಮಿನಿಂದ ನಿವೃತ್ತಿ ಆದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಸಾಲದು. ಪಾಲುದಾರಿಕೆ ಕಾಯ್ದೆಯ ಕಲಂ 32ರ ಪ್ರಕಾರ, ನಿವೃತ್ತಿಗೆ ಮೊದಲಿನ ವ್ಯವಹಾರಗಳ ಹೊಣೆಯಿಂದ ಬಿಡುಗಡೆ ಆಗಬೇಕಾದರೆ ಎದುರು ಪಕ್ಷ, ಅಂದರೆ ಇಲ್ಲಿ ಇಲಾಖೆ, ಒಪ್ಪಬೇಕು. ಹಾಗಾಗಿ ನಿವೃತ್ತಿ ಪತ್ರದ ಜೊತೆಗೆ ಇಲಾಖೆ, ಉಳಿದ ಪಾಲುದಾರರು, ಅಭ್ಯರ್ಥಿ ಮೂವರೂ ಸೇರಿದ ಒಪ್ಪಂದ ಬೇಕು. ಫರ್ಮುಗಳ ನೋಂದಣಾಧಿಕಾರಿಗೆ ತಿಳಿಸಬೇಕು. ರಾಜ್ಯಪತ್ರದಲ್ಲೂ, ಫರ್ಮಿನ ಮುಖ್ಯ ಕಚೇರಿ ಇರುವ ಜಿಲ್ಲೆಯಲ್ಲಿ ಓದುವ ಒಂದು ಕನ್ನಡ ಪತ್ರಿಕೆಯಲ್ಲೂ ಪ್ರಕಟಣೆ ಹಾಕಿಸಬೇಕು. 'ಈ ಕಾಮಗಾರಿಯಿಂದ ಹಿಂದೆ ಸರಿದಿದ್ದೇನೆ' ಎಂದು ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದರೆ ಕರಾರು ಮುಗಿಯುವುದಿಲ್ಲ. ಇಬ್ಬರು ಮಾಡಿಕೊಂಡದ್ದನ್ನು ಒಬ್ಬರೇ ಬಿಡಿಸಿಕೊಳ್ಳಲಾಗದು. ಇಲಾಖೆ ಒಪ್ಪಿದ ಪತ್ರ ಕೈಯಲ್ಲಿರಬೇಕು.

ಕ್ವಾರಿಯ ಮಾತು ಬೇರೆ. ಕನ್ನಡದಲ್ಲಿ ಕಾಂಟ್ರಾಕ್ಟಿಗೂ ಗುತ್ತಿಗೆ ಎನ್ನುತ್ತೇವೆ, ಲೀಸಿಗೂ ಗುತ್ತಿಗೆ ಎನ್ನುತ್ತೇವೆ. ಗೊಂದಲ ಅಲ್ಲಿಂದಲೇ ಶುರು. ಕ್ವಾರಿ ಲೀಸಿನಲ್ಲಿ ನೀವು ಸರ್ಕಾರಕ್ಕೆ ಸರಕು ಪೂರೈಸುವುದಿಲ್ಲ, ಸರ್ಕಾರದ ಕಾಮಗಾರಿಯನ್ನೂ ಮಾಡುವುದಿಲ್ಲ. ರಾಜಧನ ಕಟ್ಟಿ ಕಲ್ಲು ತೆಗೆಯುತ್ತೀರಿ. 1964ರ ಸಿ.ವಿ.ಕೆ. ರಾವ್ ಪ್ರಕರಣದಲ್ಲೂ 2001ರಲ್ಲಿ ಹರಿಯಾಣದ ಕರ್ತಾರ್ ಸಿಂಗ್ ಭಡಾನಾ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಗಣಿ ಲೀಸನ್ನು ಈ ಅನರ್ಹತೆಯ ಹೊರಗಿಟ್ಟಿದೆ. ಹಾಗೆಂದು ತಲೆನೋವು ಬರುವುದೇ ಇಲ್ಲ ಎಂದಲ್ಲ. ಜಾರ್ಖಂಡ್ ಮುಖ್ಯಮಂತ್ರಿ ಹೇಮಂತ್ ಸೊರೇನ್ ಅವರ ಹೆಸರಿನಲ್ಲಿ ರಾಂಚಿ ಜಿಲ್ಲೆಯ ಅಂಗಾರಾದಲ್ಲಿ 0.88 ಎಕರೆ ಕಲ್ಲುಗಣಿ ಲೀಸ್ ಇತ್ತು. ಅದನ್ನು ಹಿಡಿದು 2022ರಲ್ಲಿ 9ಎ ದೂರು ಹೋಯಿತು. ಚುನಾವಣಾ ಆಯೋಗ ಆಗಸ್ಟಿನಲ್ಲಿ ರಾಜ್ಯಪಾಲರಿಗೆ ಅಭಿಪ್ರಾಯ ಕಳಿಸಿತು, ಸರ್ಕಾರ ತಿಂಗಳುಗಟ್ಟಲೆ ತೂಗುಯ್ಯಾಲೆಯಲ್ಲಿತ್ತು. ಒಂದು ಎಕರೆಯೂ ಇಲ್ಲದ ಲೀಸಿಗೆ ಅಷ್ಟು ರಂಪ. ಸಾಧ್ಯವಿದ್ದರೆ ಕ್ವಾರಿಯನ್ನೂ ಮೊದಲೇ ಬಿಟ್ಟುಕೊಡಿ ಎನ್ನುತ್ತೇನೆ.

ಭತ್ತದ ಹಲ್ಲಿಂಗ್‌ಗೆ ಕರಾರು ಪತ್ರದ ಮೊದಲ ಪುಟ, ಕೊನೆಯ ಪುಟ ತೆಗೆದು ನೋಡಿ. ಒಂದನೇ ಪಾರ್ಟಿ ಯಾರು? 'ಕರ್ನಾಟಕದ ರಾಜ್ಯಪಾಲರ ಪರವಾಗಿ' ಎಂದು ಅಧಿಕಾರಿ ಸಹಿ ಹಾಕಿದ್ದರೆ ಅದು ಸರ್ಕಾರವೇ. ಆಹಾರ ಮತ್ತು ನಾಗರಿಕ ಸರಬರಾಜು ನಿಗಮದಂಥ ಸಂಸ್ಥೆ ತನ್ನ ಹೆಸರಿನಲ್ಲೇ ಮಾಡಿಕೊಂಡಿದ್ದರೆ ನಿಮ್ಮ ವಾದ ಗಟ್ಟಿ. ಮಹಾರಾಷ್ಟ್ರದ ಒಂದು ನೀರಾವರಿ ನಿಗಮದ ವಿಷಯದಲ್ಲಿ, ನಿಗಮ ಎಂದರೆ ಸರ್ಕಾರವಲ್ಲ ಎಂದು 2006ರ ಶ್ರೀಕಾಂತ್-ವಸಂತರಾವ್ ತೀರ್ಪು ಹೇಳಿದೆ. ಭತ್ತ ಅವರದೇ, ನೀವು ಗಿರಣಿ ಮಾಡಿಕೊಡುವುದಷ್ಟೇ, ಸರಕು ಪೂರೈಕೆ ಅಲ್ಲ ಎಂಬ ಎರಡನೇ ವಾದವೂ ಇದೆ. ಆದರೂ ಹಂಗಾಮಿನ ಅಕ್ಕಿ ಪೂರ್ತಿ ಹಿಂತಿರುಗಿಸಿ, ಲೆಕ್ಕ ಚುಕ್ತಾ ಪತ್ರ ತೆಗೆದುಕೊಂಡು, ಚುನಾವಣೆಯ ಹಂಗಾಮಿಗೆ ಹೊಸ ಕರಾರು ಮಾಡದಿರುವುದು ಒಳ್ಳೆಯದು.

ಲಾರಿ ಕಂಪನಿಗೆ ಚಿಂತೆ ಬೇಡ. ಪ್ರೈವೇಟ್ ಲಿಮಿಟೆಡ್ ಕಂಪನಿ ಬೇರೆಯೇ ವ್ಯಕ್ತಿ, ಅದರ ಕರಾರು ಷೇರುದಾರರ ಕರಾರಲ್ಲ. ಅಫಿಡವಿಟ್‌ನಲ್ಲಿ ಮಾತ್ರ ತೋರಿಸಲೇಬೇಕು.

---

ಲೆಕ್ಕದಪುಸ್ತಕ ಉತ್ತರ:

ಕಡತಕೋಣೆಯವರು ಕರಾರಿನ ಭಾಗ ಪೂರ್ತಿ ಹೇಳಿದ್ದಾರೆ. ನಾನು ಅಂಕಿಗಳ ಕಡೆಗೆ ಬರುತ್ತೇನೆ.

ವ್ಯವಹಾರಸ್ಥ ಅಭ್ಯರ್ಥಿಗೆ ತೊಂದರೆ ಬರುವುದು ಆಸ್ತಿ ಹೆಚ್ಚಿದೆ ಎಂದಲ್ಲ, ಒಂದೇ ಆಸ್ತಿಗೆ ನಾಲ್ಕು ಕಡೆ ನಾಲ್ಕು ಅಂಕಿ ಇದೆ ಎಂದು. ಬ್ಯಾಂಕಿಗೆ ಸಾಲಕ್ಕೆ ಕೊಟ್ಟ ಪಟ್ಟಿಯಲ್ಲಿ ಒಂದು, ಆದಾಯ ತೆರಿಗೆ ವಿವರಣೆಯಲ್ಲಿ ಒಂದು, ಕಂಪನಿ ನೋಂದಣಿಗೆ ಹೋದ ಬ್ಯಾಲೆನ್ಸ್ ಶೀಟಿನಲ್ಲಿ ಒಂದು, ಫಾರಂ 26ರಲ್ಲಿ ಇನ್ನೊಂದು. ನಾಮಪತ್ರದ ಜೊತೆ ಕೊಡುವ ಅಫಿಡವಿಟ್ ಎಂದರೆ ಈ ಫಾರಂ 26. ಅದು ಚುನಾವಣಾ ಆಯೋಗದ ಜಾಲತಾಣಕ್ಕೆ ಹೋದ ಕ್ಷಣದಿಂದ ಎದುರಾಳಿಯ ಲೆಕ್ಕಿಗರು ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಕೂರುತ್ತಾರೆ. ಹಾಗಾಗಿ ಆರು ತಿಂಗಳು ಮೊದಲೇ ನೀವೇ ನಾಲ್ಕನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ವ್ಯತ್ಯಾಸ ಇರುವ ಪ್ರತಿ ಸಾಲಿಗೂ ಕಾರಣ ಬರೆದಿಡಿ.

ಫಾರಂ 26ರಲ್ಲಿ ವ್ಯವಹಾರಸ್ಥರಿಗೆ ಮುಖ್ಯವಾದ ಕಾಲಂಗಳು:

ಅಭ್ಯರ್ಥಿ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು ಎಲ್ಲರ ಪ್ಯಾನ್ ಮತ್ತು ಕಳೆದ 5 ಹಣಕಾಸು ವರ್ಷಗಳ ಆದಾಯ. ಅವಿಭಕ್ತ ಕುಟುಂಬದ ಪ್ಯಾನ್ ಮಾಡಿಸಿ ಮರೆತವರು ಬಹಳ. ಅದು ಖಾಲಿ ಬಿದ್ದರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ಷೇರುಗಳು: ಪೇಟೆಯಲ್ಲಿ ನೋಂದಣಿಯಾದ ಕಂಪನಿಗೆ ಪೇಟೆ ಬೆಲೆ, ಆಗದ ಕಂಪನಿಗೆ ಪುಸ್ತಕದ ಬೆಲೆ. ಲಾರಿ ಕಂಪನಿಗೆ ಎರಡನೆಯದು ಅನ್ವಯ. ಮುಖಬೆಲೆ 10 ರೂಪಾಯಿ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ, ಇತ್ತೀಚಿನ ಬ್ಯಾಲೆನ್ಸ್ ಶೀಟಿನಿಂದ ಲೆಕ್ಕ ಹಾಕಿ.

ಜಮೀನು, ಕಟ್ಟಡ: ಕೊಂಡ ಬೆಲೆ, ಕೊಂಡ ತಾರೀಖು, ಮೇಲೆ ಹಾಕಿದ ಖರ್ಚು, ಈಗಿನ ಅಂದಾಜು ಪೇಟೆ ಬೆಲೆ ಎಲ್ಲವೂ ಬೇಕು. ಗಿರಣಿಯ ಜಾಗ ಫರ್ಮಿನದೋ ಅಣ್ಣತಮ್ಮಂದಿರ ಜಂಟಿ ಪಹಣಿಯದೋ ಮೊದಲು ತೀರ್ಮಾನವಾಗಲಿ. ಎರಡು ಕಡೆ ಬರೆದರೂ ತಪ್ಪು, ಎರಡೂ ಕಡೆ ಬಿಟ್ಟರೂ ತಪ್ಪು.

ಸಾಲ: ಬ್ಯಾಂಕಿನದು, ಕೈಸಾಲ, ಸರ್ಕಾರದ ಬಾಕಿ, ತಕರಾರಿನಲ್ಲಿರುವ ತೆರಿಗೆ. ಸಾಲ ತೋರಿಸುವುದು ಅವಮಾನವಲ್ಲ. 2023ರಲ್ಲಿ ಗೆದ್ದ ಪ್ರಿಯಕೃಷ್ಣ ಅವರು 1,156 ಕೋಟಿ ಆಸ್ತಿಯ ಜೊತೆಗೆ 881 ಕೋಟಿ ಸಾಲವನ್ನೂ ಘೋಷಿಸಿದ್ದರು. ಅದೇ ವರ್ಷ ಡಿ.ಕೆ. ಶಿವಕುಮಾರ್ 1,413 ಕೋಟಿ, ಗೌರಿಬಿದನೂರಿನ ಪಕ್ಷೇತರ ಕೆ.ಎಚ್. ಪುಟ್ಟಸ್ವಾಮಿಗೌಡ 1,267 ಕೋಟಿ ಘೋಷಿಸಿದ್ದರು. ಅಂಕಿ ದೊಡ್ಡದಿದ್ದ ಮಾತ್ರಕ್ಕೆ ನಾಮಪತ್ರ ತಿರಸ್ಕಾರವಾಗುವುದಿಲ್ಲ.

ಸರ್ಕಾರದ ಜೊತೆಗಿನ ಕರಾರುಗಳು: 2018ರ ಲೋಕ ಪ್ರಹರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೂ ಒತ್ತು ಕೊಟ್ಟಿತು. ಅಭ್ಯರ್ಥಿ, ಸಂಗಾತಿ, ಅವಲಂಬಿತರು, ಅವಿಭಕ್ತ ಕುಟುಂಬ, ಪಾಲುದಾರರಾಗಿರುವ ಫರ್ಮು, ಷೇರಿರುವ ಪ್ರೈವೇಟ್ ಕಂಪನಿ, ಇವರೆಲ್ಲರ ಕರಾರುಗಳನ್ನೂ ಬೇರೆಬೇರೆ ಸಾಲಿನಲ್ಲಿ ಬರೆಯಬೇಕು. 9ಎ ಹೊರಗಿಟ್ಟ ಲಾರಿ ಕಂಪನಿಯ ಕರಾರು ಇಲ್ಲಿ ಒಳಗೆ ಬರುತ್ತದೆ. ಅನರ್ಹತೆ ಬೇರೆ, ಘೋಷಣೆ ಬೇರೆ. ಇದನ್ನು ಕಲಸಿಕೊಂಡವರೇ ಹೆಚ್ಚು.

ಯಾವ ಕಾಲಮನ್ನೂ ಖಾಲಿ ಬಿಡಬೇಡಿ, ಗೆರೆ ಎಳೆಯಲೂ ಬೇಡಿ. 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದು ಅಕ್ಷರದಲ್ಲಿ ಬರೆಯಿರಿ. 2013ರ ರಿಸರ್ಜೆನ್ಸ್ ಇಂಡಿಯಾ ತೀರ್ಪಿನ ನಂತರ, ಖಾಲಿ ಕಾಲಂ ತುಂಬಿ ಎಂದು ಚುನಾವಣಾಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ನಾಮಪತ್ರವೇ ತಿರಸ್ಕಾರವಾಗಬಹುದು. ಸುಳ್ಳು ಬರೆದರೆ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 125ಎ ಪ್ರಕಾರ 6 ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಮನೆಯ ಪ್ರತಿ ಕುರ್ಚಿ, ಪ್ರತಿ ವಾಚು ಬರೆಯಬೇಕೆಂದಿಲ್ಲ ಎಂದು 2024ರಲ್ಲಿ ಅರುಣಾಚಲದ ಕಾರಿಖೋ ಕ್ರಿ ಪ್ರಕರಣದಲ್ಲಿ ಕೋರ್ಟ್ ಹೇಳಿದೆ. ಅದನ್ನು ನಂಬಿಕೊಂಡು ಟ್ರ್ಯಾಕ್ಟರ್ ಬಿಟ್ಟುಬಿಡಬೇಡಿ.

ಖರ್ಚು. ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಯ ಮಿತಿ 2022ರಿಂದ 40 ಲಕ್ಷ ರೂಪಾಯಿ. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ, ಎರಡೂ ದಿನ ಸೇರಿ. ಮೊದಲೇ ಕೊಂಡಿಟ್ಟ ಬಾವುಟ, ಬ್ಯಾನರ್ ಈ ಅವಧಿಯಲ್ಲಿ ಬಳಕೆಯಾದರೆ ಅದೂ ಲೆಕ್ಕಕ್ಕೆ ಬರುತ್ತದೆ. ನಾಮಪತ್ರಕ್ಕೆ ಕಡೇಪಕ್ಷ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರೇ ತೆರೆಯಬಹುದು, ಚುನಾವಣಾ ಏಜೆಂಟರ ಜೊತೆ ಜಂಟಿಯಾಗಿಯೂ ತೆರೆಯಬಹುದು. ಏಜೆಂಟ್ ಅಲ್ಲದ ಹೆಂಡತಿ ಅಥವಾ ಅಣ್ಣನ ಜೊತೆ ಜಂಟಿ ಮಾಡುವಂತಿಲ್ಲ. ಇಡೀ ಚುನಾವಣೆಯಲ್ಲಿ ಒಬ್ಬ ವ್ಯಕ್ತಿಗೆ ಅಥವಾ ಅಂಗಡಿಗೆ ನಗದಾಗಿ ಕೊಡಬಹುದಾದದ್ದು 10,000 ರೂಪಾಯಿ, ಅದಕ್ಕಿಂತ ಹೆಚ್ಚಿದ್ದರೆ ಚೆಕ್ಕು ಅಥವಾ ಬ್ಯಾಂಕ್ ವರ್ಗಾವಣೆ.

ವ್ಯಾಪಾರದ ಕೈ ಹೆಚ್ಚು ತಪ್ಪು ಮಾಡುವುದು ಈ ಖಾತೆಯಲ್ಲೇ. ಗಿರಣಿಯ ಚಾಲ್ತಿ ಖಾತೆಯಿಂದ ಪೆಂಡಾಲಿನವರಿಗೆ ಆರ್‌ಟಿಜಿಎಸ್ ಹೋಗುತ್ತದೆ, ಆಮೇಲೆ ಹೊಂದಿಸೋಣ ಎಂದುಕೊಳ್ಳುತ್ತಾರೆ. ಹೊಂದಿಸಲು ಆಗದು. ಹಣ ಮೊದಲು ಚುನಾವಣಾ ಖಾತೆಗೆ ಬಂದು ಅಲ್ಲಿಂದಲೇ ಹೊರಡಬೇಕು. ಕಂಪನಿಯ ಗಾಡಿ, ಗಿರಣಿಯ ಹಮಾಲರು, ಸ್ವಂತ ಕಲ್ಯಾಣ ಮಂಟಪ ಪುಕ್ಕಟೆ ಅಲ್ಲ. ಜಿಲ್ಲಾ ಚುನಾವಣಾಧಿಕಾರಿ ಪ್ರಕಟಿಸಿದ ದರಪಟ್ಟಿಯ ಪ್ರಕಾರ ಬಾಡಿಗೆ ಕಟ್ಟಿ ಲೆಕ್ಕಕ್ಕೆ ಹಾಕುತ್ತಾರೆ. ಪ್ರಚಾರದ ಖರ್ಚನ್ನು ಗಿರಣಿಯ ಲಾಭ-ನಷ್ಟ ಪಟ್ಟಿಗೆ ಸೇರಿಸುವಂತೆಯೂ ಇಲ್ಲ.

ಚುನಾವಣಾಧಿಕಾರಿ ಕೊಡುವ ಖರ್ಚಿನ ಪುಸ್ತಕದಲ್ಲಿ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಕಡೇಪಕ್ಷ 3 ಸಲ ಖರ್ಚಿನ ವೀಕ್ಷಕರ ಮುಂದೆ ಹಾಜರುಪಡಿಸಬೇಕು. ಅವರ ಬಳಿಯೂ ನಿಮ್ಮ ಸಭೆಗಳ ವಿಡಿಯೋ ನೋಡಿ ಬರೆದ ನೆರಳು ಪುಸ್ತಕ ಇರುತ್ತದೆ. ನೀವು 200 ಕುರ್ಚಿ ಬರೆದ ದಿನ ಅವರ ಪುಸ್ತಕದಲ್ಲಿ 900 ಇದ್ದರೆ ಅಲ್ಲೇ ನೋಟಿಸ್. ಫಲಿತಾಂಶದ 26ನೇ ದಿನ ಲೆಕ್ಕ ತಾಳೆ ನೋಡುವ ಸಭೆ ಇರುತ್ತದೆ, 30 ದಿನದೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಸೋತವರು ಇದನ್ನು ಮರೆತುಬಿಡುತ್ತಾರೆ. ಮರೆತರೆ ಕಲಂ 10ಎ ಅಡಿ 3 ವರ್ಷ ಅನರ್ಹತೆ, ಅಂದರೆ ಮುಂದಿನ ಉಪಚುನಾವಣೆ, ಪರಿಷತ್ತು ಯಾವುದಕ್ಕೂ ನಿಲ್ಲುವಂತಿಲ್ಲ.

---

ಮೂರನೇಮಹಡಿ ಉತ್ತರ:

ಗಿರಣಿ ಇರುವವರು ಅದೇ ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 8ನ್ನೂ ಓದಿಕೊಳ್ಳಬೇಕು. ಸಾಮಾನ್ಯ ಅಪರಾಧಕ್ಕೆ 2 ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಅನರ್ಹತೆ ಎಂಬುದು ಎಲ್ಲರಿಗೂ ಗೊತ್ತು. ಅಕ್ರಮ ದಾಸ್ತಾನು, ಲಾಭಕೋರತನ ತಡೆಯುವ ಕಾನೂನು ಮತ್ತು ಆಹಾರ ಕಲಬೆರಕೆ ಕಾನೂನಿನಡಿ 6 ತಿಂಗಳ ಶಿಕ್ಷೆಯೇ ಸಾಕು ಎಂಬುದು ಅಕ್ಕಿ, ಎಣ್ಣೆ, ಬೇಳೆ ವ್ಯಾಪಾರದವರಿಗೆ ಗೊತ್ತಿರುವುದಿಲ್ಲ. ಲಂಚದ ಕಾಯ್ದೆಯಡಿ ಬರೀ ದಂಡವಾದರೂ 6 ವರ್ಷ ಹೊರಗೆ. ಚೆಕ್ ಬೌನ್ಸ್‌ಗೆ ಗರಿಷ್ಠ ಶಿಕ್ಷೆಯೇ 2 ವರ್ಷ, ಪೂರ್ತಿ ವಿಧಿಸಿದರೆ ಅದೂ ಸಾಕು. ಬಾಕಿ ಇರುವ ಚೆಕ್ ಕೇಸುಗಳನ್ನು ರಾಜಿಯಲ್ಲಿ ಮುಗಿಸಿ, ಕೋರ್ಟಿನ ಆದೇಶದ ಪ್ರಮಾಣಿತ ನಕಲು ತೆಗೆದಿಡಿ.

ಗೆದ್ದಮೇಲೆ ಶಿಕ್ಷೆಯಾದರೂ ಅಷ್ಟೇ. 2013ರ ಲಿಲಿ ಥಾಮಸ್ ತೀರ್ಪಿನ ನಂತರ ಮೇಲ್ಮನವಿಯ ನೆಪದಲ್ಲಿ ಸ್ಥಾನ ಉಳಿಯುವುದಿಲ್ಲ, ತೀರ್ಪು ಬಂದ ದಿನದಿಂದಲೇ ಹೋಗುತ್ತದೆ. ಗಂಗಾವತಿಯಲ್ಲಿ 2025ರ ಮೇ ತಿಂಗಳಲ್ಲಿ ಆದದ್ದು ಅದೇ: ಓಬಳಾಪುರಂ ಗಣಿ ಪ್ರಕರಣದಲ್ಲಿ 7 ವರ್ಷ ಶಿಕ್ಷೆಯಾಗಿ ಜನಾರ್ದನ ರೆಡ್ಡಿಯವರ ಸದಸ್ಯತ್ವ ಹೋಯಿತು, ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟ್ ತಡೆ ಕೊಟ್ಟ ಮೇಲೆ ಮರಳಿ ಬಂತು.

ಒಂದು ಸಮಾಧಾನದ ವಿಷಯ: ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ನಿರ್ದೇಶಕರು ಅನರ್ಹರಾಗುವುದಿಲ್ಲ. ಸ್ವತಃ ವ್ಯಕ್ತಿಯೇ ದಿವಾಳಿ ಎಂದು ಘೋಷಿತರಾಗಿ ಬಿಡುಗಡೆಯಾಗದೆ ಇದ್ದರೆ ಮಾತ್ರ ಸಂವಿಧಾನದ 191ನೇ ವಿಧಿ ಅಡ್ಡ ಬರುತ್ತದೆ. ಸಾಲಕ್ಕೆ ವೈಯಕ್ತಿಕ ಜಾಮೀನು ಹಾಕಿದ್ದರೆ 2019ರ ಡಿಸೆಂಬರಿನಿಂದ ಜಾಮೀನುದಾರರ ಮೇಲೂ ದಿವಾಳಿ ಪ್ರಕ್ರಿಯೆ ಬರಬಹುದು, ಅದನ್ನು ಬ್ಯಾಂಕಿನಲ್ಲಿ ವಿಚಾರಿಸಿಕೊಳ್ಳಿ.

---

ಭತ್ತದನಾಡು:

ಮೂವರಿಗೂ ಧನ್ಯವಾದ. ಎರಡು ಸಂದೇಹ ಉಳಿದಿವೆ. ರಸ್ತೆ ಕಾಮಗಾರಿಯನ್ನು ಹೆಂಡತಿಯ ಹೆಸರಿಗೆ ಮಾಡಿಸಿದರೆ? ಮತ್ತು, ಗೆದ್ದ ಮೇಲೆ 9ಎ ದೂರು ಬಂದರೆ ತೀರ್ಮಾನ ಮಾಡುವವರು ಯಾರು?

---

ಕಡತಕೋಣೆ ಉತ್ತರ:

ಹೆಂಡತಿ ಸ್ವಂತವಾಗಿ ಗುತ್ತಿಗೆದಾರರಾಗಿದ್ದು, ಸ್ವಂತ ಪರವಾನಗಿ, ಬಂಡವಾಳ, ಖಾತೆ ಇದ್ದರೆ ಆ ಕರಾರು ಗಂಡನದಲ್ಲ. ಕಲಂ ಹೇಳುವುದು 'ಅವರು ಮಾಡಿಕೊಂಡ' ಕರಾರು. ಚುನಾವಣೆಗೆ ಎರಡು ತಿಂಗಳು ಇರುವಾಗ ಪರವಾನಗಿ ಮಾಡಿಸಿ, ಯಂತ್ರಗಳು ಫರ್ಮಿನವೇ, ಬಿಲ್ಲಿನ ಹಣ ಮರುದಿನವೇ ಗಂಡನ ಖಾತೆಗೆ ಎಂದಾದರೆ ನ್ಯಾಯಾಲಯ ಹೆಸರನ್ನು ನೋಡುವುದಿಲ್ಲ, ಹಣದ ದಾರಿಯನ್ನು ನೋಡುತ್ತದೆ. ಮೇಲಾಗಿ ಟೆಂಡರ್ ಸಿಕ್ಕ ಕಾಮಗಾರಿಯನ್ನು ಇಲಾಖೆಯ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ. ಈ ದಾರಿ ಬೇಡವೇ ಬೇಡ.

ಯಾರು ತೀರ್ಮಾನಿಸುತ್ತಾರೆ ಎಂಬುದು ಕರಾರು ಯಾವಾಗ ಹುಟ್ಟಿತು ಎಂಬುದರ ಮೇಲೆ ಹೋಗುತ್ತದೆ. ಚುನಾವಣೆಗೆ ಮೊದಲೇ ಇದ್ದ ಕರಾರಾದರೆ ಎದುರಾಳಿ ಅಥವಾ ಮತದಾರರು ಫಲಿತಾಂಶದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಬೇಕು, ಅದಕ್ಕೆ ಭದ್ರತಾ ಠೇವಣಿ 2,000 ರೂಪಾಯಿ. ಗೆದ್ದ ಮೇಲೆ ಮಾಡಿಕೊಂಡ ಕರಾರಾದರೆ ದೂರು 192ನೇ ವಿಧಿಯಡಿ ರಾಜ್ಯಪಾಲರಿಗೆ ಹೋಗುತ್ತದೆ. ಅವರು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ಅದರಂತೆ ನಡೆಯಬೇಕು. ಉತ್ತರ ಪ್ರದೇಶದಲ್ಲಿ 2015ರ ಜನವರಿಯಲ್ಲಿ ರಾಜ್ಯಪಾಲ ರಾಮ್ ನಾಯಕ್ ಹೀಗೆಯೇ ಉಮಾಶಂಕರ್ ಸಿಂಗ್ ಮತ್ತು ಬಜರಂಗ್ ಬಹಾದ್ದೂರ್ ಸಿಂಗ್ ಎಂಬ ಇಬ್ಬರು ಶಾಸಕರನ್ನು ಸರ್ಕಾರಿ ಕಾಮಗಾರಿ ಹಿಡಿದ ಕಾರಣಕ್ಕೆ ಅನರ್ಹಗೊಳಿಸಿದರು. ಲೋಕಾಯುಕ್ತ ವರದಿಯಿಂದ ಶುರುವಾದ ಪ್ರಕರಣ ಅದು. ಈ ಅನರ್ಹತೆ ಕರಾರು ಇರುವಷ್ಟು ಕಾಲ ಮಾತ್ರ. ಉಮಾಶಂಕರ್ ಸಿಂಗ್ ರಸಡಾ ಕ್ಷೇತ್ರದಿಂದ 2017ರಲ್ಲೂ 2022ರಲ್ಲೂ ಮತ್ತೆ ಗೆದ್ದು ಬಂದರು.

---

ಸಭಾಂಗಣ ಉತ್ತರ:

ಗೆದ್ದ ಮೇಲಿನದನ್ನು ಯಾರೂ ಹೇಳಿಲ್ಲ, ಹಾಗಾಗಿ ಸೇರಿಸುತ್ತೇನೆ.

ಬರೀ ಶಾಸಕರಾಗಿದ್ದರೆ ಗಿರಣಿ ನಡೆಸಬಹುದು, ಕಂಪನಿಯ ನಿರ್ದೇಶಕರಾಗಿ ಮುಂದುವರಿಯಬಹುದು. ತಡೆ ಇರುವುದು ರಾಜ್ಯ ಸರ್ಕಾರದ ಪಾಲು 25% ಅಥವಾ ಹೆಚ್ಚು ಇರುವ ಕಂಪನಿಯ ಮ್ಯಾನೇಜರ್, ಕಾರ್ಯದರ್ಶಿಯಂಥ ಹುದ್ದೆಗೆ, ಅದು ಪ್ರಜಾಪ್ರತಿನಿಧಿ ಕಾಯ್ದೆಯ ಕಲಂ 10. ಸಹಕಾರ ಸಂಘಗಳಿಗೆ ಆ ತಡೆ ಇಲ್ಲ. ನಿಗಮ-ಮಂಡಳಿ ಅಧ್ಯಕ್ಷಗಿರಿ 'ಲಾಭದಾಯಕ ಹುದ್ದೆ' ಎನಿಸಿ ಸ್ಥಾನಕ್ಕೆ ಕುತ್ತು ತರಬಹುದು, ಒಪ್ಪಿಕೊಳ್ಳುವ ಮೊದಲು ಆ ಹುದ್ದೆ 1956ರ ಕರ್ನಾಟಕ ಶಾಸಕಾಂಗ ಅನರ್ಹತೆ ನಿವಾರಣಾ ಕಾಯ್ದೆಯ ವಿನಾಯಿತಿಯಲ್ಲಿ ಬರುತ್ತದೆಯೇ ಎಂದು ನೋಡಲೇಬೇಕು. ಸಂಬಳ ತೆಗೆದುಕೊಳ್ಳುತ್ತಿಲ್ಲ ಎಂಬ ಉತ್ತರ ಸಾಲದು. 2006ರಲ್ಲಿ ಜಯಾ ಬಚ್ಚನ್ ರಾಜ್ಯಸಭಾ ಸ್ಥಾನ ಕಳೆದುಕೊಂಡದ್ದು ಹುದ್ದೆಯಿಂದ ಲಾಭ ಪಡೆಯಬಹುದಿತ್ತು ಎಂಬ ಕಾರಣಕ್ಕೆ, ಪಡೆದರು ಎಂಬುದಕ್ಕಲ್ಲ.

ಮಂತ್ರಿಯಾದರೆ ಲೆಕ್ಕ ಬದಲಾಗುತ್ತದೆ. ಮಂತ್ರಿಗಳ ನೀತಿ ಸಂಹಿತೆ ಪ್ರಕಾರ ಯಾವುದೇ ವ್ಯವಹಾರದ ಆಡಳಿತದಿಂದ ದೂರ ಸರಿಯಬೇಕು, ಮಾಲೀಕತ್ವ ಇಟ್ಟುಕೊಳ್ಳಬಹುದು. ಸರ್ಕಾರಕ್ಕೆ ಸರಕು-ಸೇವೆ ಕೊಡುವ, ಅಥವಾ ಲೈಸೆನ್ಸು, ಪರ್ಮಿಟ್ಟು, ಲೀಸಿನ ಮೇಲೇ ನಿಂತಿರುವ ವ್ಯವಹಾರವಾದರೆ ಮಾಲೀಕತ್ವವನ್ನೂ ಬಿಡಬೇಕು. ನಿಮ್ಮ ಉದಾಹರಣೆಯ ಕ್ವಾರಿ ಇಲ್ಲಿಗೆ ಬರುತ್ತದೆ. ಕುಟುಂಬದ ವಯಸ್ಕ ಸದಸ್ಯರಿಗೆ ಅಥವಾ ಸಂಬಂಧಿಕರಿಗೆ ವಹಿಸಬಹುದು, ಗಂಡ ಅಥವಾ ಹೆಂಡತಿಗೆ ವಹಿಸುವಂತಿಲ್ಲ. ಇದು ಸಂಹಿತೆ, ಮುರಿದರೆ ಸ್ಥಾನ ತಾನಾಗಿ ಹೋಗುವುದಿಲ್ಲ. ಆದರೂ ಪಾಲಿಸಬೇಕಾದದ್ದೇ. ತನ್ನ ಲೀಸಿನ ಕಡತದ ಮೇಲೆ ತಾನೇ ಕೂರುವುದು ಯಾವ ಊರಿನ ನ್ಯಾಯವೂ ಅಲ್ಲ.

ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿ-ಸಾಲದ ವಿವರ ಕೊಡಬೇಕು, ಕುಟುಂಬದವರದೂ ಸೇರಿ. 1984ರ ಲೋಕಾಯುಕ್ತ ಕಾಯ್ದೆಯ ಕಲಂ 22. ತಪ್ಪಿಸಿದವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಲೆಕ್ಕದಪುಸ್ತಕದವರು ಹೇಳಿದ ನಾಲ್ಕು ಅಂಕಿಗಳ ಜೊತೆಗೆ ಇದು ಐದನೆಯದು. ಫಾರಂ 26 ತಯಾರಿಸಿದ ಅದೇ ಲೆಕ್ಕಿಗರಿಂದಲೇ ಇದನ್ನೂ ಮಾಡಿಸಿ, ಒಂದೇ ಬೆಲೆ ಕಟ್ಟುವ ಪದ್ಧತಿ ಇರಲಿ. ಶಾಸಕರು ಲಂಚ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ಸೇವಕರು. ಆದಾಯ ಮೀರಿದ ಆಸ್ತಿಯ ಆರೋಪ ಬಂದಾಗ ವ್ಯವಹಾರದ ಲಾಭ ಎಂಬ ಉತ್ತರ ನಿಲ್ಲಬೇಕಾದರೆ ಆ ಲಾಭ ಆಯಾ ವರ್ಷದ ತೆರಿಗೆ ವಿವರಣೆಯಲ್ಲಿ ಆಗಲೇ ಕೂತಿರಬೇಕು.

ತೆರಿಗೆಯ ಒಂದು ಸೂಕ್ಷ್ಮ. ಶಾಸಕರ ವೇತನ 2025ರಲ್ಲಿ 40,000ದಿಂದ 80,000 ರೂಪಾಯಿಗೆ ಏರಿತು. ಅದು ತೆರಿಗೆ ಲೆಕ್ಕದಲ್ಲಿ 'ಸಂಬಳ' ಅಲ್ಲ, 'ಇತರ ಮೂಲಗಳ ಆದಾಯ'. ಯಾಕೆಂದರೆ ಶಾಸಕರು ಯಾರ ನೌಕರರೂ ಅಲ್ಲ. ಹಾಗಾಗಿ ಸಂಬಳದಾರರ ಸ್ಟ್ಯಾಂಡರ್ಡ್ ಡಿಡಕ್ಷನ್ ಹಾಕಿಕೊಳ್ಳುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಡಿ ಭತ್ಯೆಗಳಿಗೆ ಇದ್ದ ವಿನಾಯಿತಿ ಹಳೇ ಪದ್ಧತಿಯವರಿಗೆ ಮಾತ್ರ, ಹೊಸ ಪದ್ಧತಿಯಲ್ಲಿ ಇಲ್ಲ. ವ್ಯವಹಾರದ ಆದಾಯ ಇರುವವರು ಸಂಬಳದಾರರ ಹಾಗೆ ವರ್ಷ ವರ್ಷ ಪದ್ಧತಿ ಬದಲಿಸಲೂ ಆಗದು. ಗಿರಣಿಯ ಲಾಭ ಎಷ್ಟು, ಭತ್ಯೆ ಎಷ್ಟು ಎಂದು ತೂಗಿ ನೋಡಿಯೇ ತೀರ್ಮಾನಿಸಿ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಶಾಸಕರು ಕೆಲಸ ಸೂಚಿಸುತ್ತಾರೆ, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ಬಿಟ್ಟುಬಂದ ಫರ್ಮಿಗೆ, ಅಂದರೆ ಅಣ್ಣತಮ್ಮಂದಿರಿಗೆ, ಆ ಕೆಲಸ ಹೋದರೆ 9ಎ ಅಡ್ಡ ಬರದಿದ್ದರೂ ದೂರು ತಪ್ಪಿದ್ದಲ್ಲ. ಐದು ವರ್ಷ ಕ್ಷೇತ್ರದೊಳಗಿನ ಟೆಂಡರ್ ಹಾಕುವುದಿಲ್ಲ ಎಂದು ಉಳಿದ ಪಾಲುದಾರರಿಂದ ನಿವೃತ್ತಿ ಪತ್ರದಲ್ಲೇ ಒಂದು ಷರತ್ತು ಬರೆಸಿಕೊಳ್ಳಿ.

---

ಲೆಕ್ಕದಪುಸ್ತಕ:

ಬಿಟ್ಟುಹೋದ ಸಣ್ಣ ವಿಷಯಗಳು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 5,000. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು, ಪಕ್ಷೇತರರಿಗೆ 10 ಮಂದಿ, ಎಲ್ಲರೂ ಅದೇ ಕ್ಷೇತ್ರದ ಮತದಾರರು. ಅಭ್ಯರ್ಥಿಯ ಹೆಸರು ಬೇರೆ ಕ್ಷೇತ್ರದ ಪಟ್ಟಿಯಲ್ಲಿದ್ದರೆ ಆ ಪುಟದ ಪ್ರಮಾಣಿತ ನಕಲು ಬೇಕು. ವ್ಯವಹಾರಕ್ಕೆಂದು ಬೆಂಗಳೂರಿಗೆ ಹೆಸರು ವರ್ಗಾಯಿಸಿಕೊಂಡವರು ಇದನ್ನು ಮರೆಯುತ್ತಾರೆ. ನಾಮಪತ್ರ ಕೊಟ್ಟ ಮೇಲೆ ಚುನಾವಣಾಧಿಕಾರಿಯ ಮುಂದೆ ಪ್ರಮಾಣ ಸ್ವೀಕರಿಸಬೇಕು, ಅದು ಪರಿಶೀಲನೆಯ ಹಿಂದಿನ ದಿನದೊಳಗೆ ಆಗಿರಬೇಕು. ಪಕ್ಷ ಕೊಡುವ ಬಿ ಫಾರಂ ನಾಮಪತ್ರದ ಕೊನೆಯ ದಿನ ಮಧ್ಯಾಹ್ನ 3ರೊಳಗೆ ತಲುಪಬೇಕು, ಶಾಯಿಯ ಸಹಿಯೇ ಇರಬೇಕು, ಮುದ್ರೆ ಸಹಿ ಅಥವಾ ಜೆರಾಕ್ಸ್ ನಡೆಯುವುದಿಲ್ಲ.

ಒಬ್ಬ ಅಭ್ಯರ್ಥಿ ಒಂದು ಕ್ಷೇತ್ರದಲ್ಲಿ 4 ಸೆಟ್ ನಾಮಪತ್ರ ಕೊಡಬಹುದು. ನಾಲ್ಕನ್ನೂ ಕೊಡಿ, ಒಂದೊಂದಕ್ಕೆ ಬೇರೆ ಸೂಚಕರನ್ನು ಹಾಕಿ. ಒಬ್ಬರ ಹೆಸರು ಪಟ್ಟಿಯಿಂದ ಬಿಟ್ಟುಹೋಗಿದ್ದರೆ ಉಳಿದ ಸೆಟ್ ಕೈ ಹಿಡಿಯುತ್ತದೆ. ಲೋಕೋಪಯೋಗಿ ಇಲಾಖೆಯ ಪೂರ್ಣಗೊಂಡ ಪ್ರಮಾಣಪತ್ರ, ನಿವೃತ್ತಿ ಪತ್ರ, ರಾಜ್ಯಪತ್ರದ ಪುಟ, ಮೂರರ ಎರಡೆರಡು ಪ್ರತಿಯನ್ನು ಪರಿಶೀಲನೆಯ ದಿನ ಕೈಯಲ್ಲೇ ಇಟ್ಟುಕೊಂಡು ಹೋಗಿ. ಎದುರಾಳಿ 9ಎ ತಕರಾರು ಎತ್ತಿದರೆ ಉತ್ತರಿಸಲು ಹೆಚ್ಚೆಂದರೆ ಪರಿಶೀಲನೆಯಾದ ಎರಡನೇ ದಿನದವರೆಗೆ ಅವಕಾಶ ಕೇಳಬಹುದು. ಅಷ್ಟರಲ್ಲಿ ವಿಭಾಗ ಕಚೇರಿಗೆ ಓಡಿ ಕಡತ ಹುಡುಕಿಸಿ ತರುವುದು ಆಗದ ಮಾತು.